ಕರಿದ ಎಣ್ಣೆಯ ಡಬ್ಬಿ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಯಾರ ಮನೆಯಲ್ಲೆಲ್ಲ ಒಲೆಯ ಬದಿಯಲ್ಲಿ ಕರಿದ ಎಣ್ಣೆಯ ಡಬ್ಬಿ ಇದೆ? ಕೈ ಎತ್ತಿ ನೋಡುವ.

ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ ಬಂತು. ಇನ್ನೊಂದು ಪ್ರಶ್ನೆ. ಆ ಡಬ್ಬಿ ಕಳೆದ ಸಲ ಪೂರ್ತಿ ಖಾಲಿಯಾದದ್ದು ಯಾವಾಗ? ತೊಳೆದು ಬಿಸಿಲಿಗೆ ಇಟ್ಟದ್ದು ಯಾವಾಗ?

ಈಗ ಯಾರೂ ಮಾತಾಡುತ್ತಿಲ್ಲ, ಅಲ್ವಾ? ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಕರಿದ ಎಣ್ಣೆ ಉಳಿಸುವುದು ತಪ್ಪಲ್ಲ. ಆ ಡಬ್ಬಿ ಖಾಲಿಯೇ ಆಗದಿರುವುದು ತಪ್ಪು.

ನನ್ನ ಅಜ್ಜಿಯ ಮನೆಯಲ್ಲೂ ಕರಿದ ಎಣ್ಣೆಯನ್ನು ಎತ್ತಿಡುತ್ತಿದ್ದರು. ಒಂದು ತೊಟ್ಟು ಚೆಲ್ಲಿದರೂ ಅಜ್ಜಿಗೆ ಸಹಿಸುತ್ತಿರಲಿಲ್ಲ. ಯಾಕೆಂದರೆ ಅದರ ಹಿಂದೆ ಎಷ್ಟು ಕೆಲಸ ಇತ್ತು! ತೋಟದ ಕಾಯಿ ಸುಲಿದು, ಒಡೆದು, ಅಂಗಳದಲ್ಲಿ ಒಣಗಿಸಿ, ಮೋಡ ಕಂಡರೆ ಓಡಿ ಒಳಗೆ ತಂದು, ಕೊಬ್ಬರಿಯನ್ನು ಹೊತ್ತು ಮಿಲ್ಲಿಗೆ ಹೋಗಿ ಎಣ್ಣೆ ಮಾಡಿಸಿ ತರಬೇಕು. ಅದು ಭರಣಿಯಲ್ಲಿ ತುಂಬಿ ವರ್ಷಪೂರ್ತಿ ಬರಬೇಕು. ಕರಿಯುವುದು ಅಪರೂಪಕ್ಕೆ. ಅಷ್ಟಮಿಗೆ ಚಕ್ಕುಲಿ, ಆಟಿ ತಿಂಗಳ ಮಳೆಗೆ ಹಲಸಿನ ಹಪ್ಪಳ, ಯಾರಾದರೂ ನೆಂಟರು ಬಂದರೆ ಪೋಡಿ, ಅಂದರೆ ಬಜ್ಜಿ. ಕರಿದು ಉಳಿದದ್ದನ್ನು ಸೋಸಿ ಇಟ್ಟರೆ ಮರುದಿನ ಬೆಳಿಗ್ಗೆ ಒಗ್ಗರಣೆಗೆ, ಮಧ್ಯಾಹ್ನ ಪಲ್ಯಕ್ಕೆ. ಮನೆಯಲ್ಲಿ ಹದಿನಾಲ್ಕು ಜನ. ಎರಡು ದಿನದಲ್ಲಿ ಎಣ್ಣೆ ಮುಗಿಯುತ್ತಿತ್ತು. ಆ ಪಾತ್ರೆಯನ್ನು ಬೂದಿ ಹಾಕಿ ಉಜ್ಜಿ ಕವುಚಿ ಇಡುತ್ತಿದ್ದರು.

ಈಗ ನಮ್ಮ ಮನೆಗಳಲ್ಲಿ ಮೂರೋ ನಾಲ್ಕೋ ಜನ. ವಾರಕ್ಕೆ ಎರಡು ಸಲವಾದರೂ ಏನಾದರೂ ಕರಿಯುತ್ತೇವೆ. ಒಗ್ಗರಣೆಗೆ ಎರಡು ಚಮಚ ಸಾಕು. ಹಾಗಾಗಿ ಡಬ್ಬಿಗೆ ಹೋಗುವ ಎಣ್ಣೆ ಜಾಸ್ತಿ, ಬರುವ ಎಣ್ಣೆ ಕಡಿಮೆ. ಮೇಲಿಂದ ಹೊಸದು ಸುರಿಯುತ್ತೇವೆ, ಮೇಲಿಂದಲೇ ತೆಗೆಯುತ್ತೇವೆ. ತಳದಲ್ಲಿ ಇರುವುದು ಯಾವ ಹಬ್ಬದ ಎಣ್ಣೆಯೋ ಹೇಳುವವರಿಲ್ಲ. ಅಜ್ಜಿಯ ಅಭ್ಯಾಸವನ್ನು ನಾವು ಅರ್ಧ ಮಾತ್ರ ಉಳಿಸಿಕೊಂಡಿದ್ದೇವೆ. ಎತ್ತಿಡುವುದನ್ನು ಕಲಿತೆವು, ಮುಗಿಸುವುದನ್ನು ಬಿಟ್ಟೆವು.

ಇನ್ನೊಂದು ಬದಲಾವಣೆಯೂ ಆಗಿದೆ. ಎಣ್ಣೆಯೇ ಬದಲಾಗಿದೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಅದೇ ಬೆಳೆದು ಈಗಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಆಗಿದೆ. ಅಂಥ ತೆಂಗಿನ ಊರು ನಮ್ಮದು. ಆದರೂ ತೋಟ ಇಲ್ಲದವರು ಏನು ಮಾಡಬೇಕು? 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದ್ದು ನಿಮಗೆಲ್ಲ ಗೊತ್ತು. ಎಷ್ಟೋ ಮನೆಯವರು ಆಗ ಸನ್‌ಫ್ಲವರ್ ಪ್ಯಾಕೆಟಿಗೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತೆಂಗಿನೆಣ್ಣೆಗೆ ಮಾಡುತ್ತಿದ್ದ ಉಪಚಾರವನ್ನೇ ಅದಕ್ಕೂ ಮಾಡಿದರೆ ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು, ಇದು ನನಗೆ ಇಷ್ಟದ ಭಾಗ.

ಎಣ್ಣೆ ಅಂದರೆ ಉದ್ದುದ್ದ ಸರಪಣಿಗಳು ಅಂದುಕೊಳ್ಳಿ. ಕೆಲವು ಸರಪಣಿಗಳ ಕೊಂಡಿಗಳೆಲ್ಲ ಗಟ್ಟಿ. ಕೆಲವದರಲ್ಲಿ ನಡುನಡುವೆ ಗಾಳಿಗೆ ಸುಲಭವಾಗಿ ಸಿಗುವ ಕೊಂಡಿಗಳಿರುತ್ತವೆ. ಬಿಸಿ ಮಾಡಿದಾಗ ಗಾಳಿಯ ಆಮ್ಲಜನಕ ಅಲ್ಲೇ ಬಂದು ಹಿಡಿಯುತ್ತದೆ. ತೆಂಗಿನೆಣ್ಣೆಯಲ್ಲಿ ಸುಮಾರು 90 ಶೇಕಡಾ ಗಟ್ಟಿ ಕೊಂಡಿಯ ಕೊಬ್ಬು. ಅದಕ್ಕೇ ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಅದಕ್ಕೇ ಬಾಣಲೆಯಲ್ಲಿ ಬೇಗ ಕೆಡುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಸಿಗುವ ಕೊಂಡಿಯ ಕೊಬ್ಬು. ಅದು ಬಿಸಿಗೆ ಬೇಗ ಬದಲಾಗುತ್ತದೆ. ಬಾಣಲೆಯ ಅಂಚಿನಲ್ಲಿ ಹಳದಿ ಅಂಟು ಹಿಡಿದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ ನೋಡಿ, ಅದು ಈ ಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡು ಆದ ಅಂಟು. ಪಾತ್ರೆಯ ಅಂಚಿನಲ್ಲಿ ಆದದ್ದು ಸ್ವಲ್ಪ ಸ್ವಲ್ಪವಾಗಿ ಒಳಗಿನ ಎಣ್ಣೆಯಲ್ಲೂ ಆಗುತ್ತಿರುತ್ತದೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಪ್ಯಾಕೆಟ್ ಎಣ್ಣೆ ಹೊಗೆ ಬಿಡುವುದು 220 ಡಿಗ್ರಿ ದಾಟಿದ ಮೇಲೆ. ನಮ್ಮ ಮಿಲ್ಲಿನ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆ ಬಿಡುತ್ತದೆ. ಕರಿಯುವುದು 170ರಿಂದ 180ರಲ್ಲಿ. ಹಾಗಾಗಿ ಹೊಗೆ ಬಾರದ ಎಣ್ಣೆಯೇ ಒಳ್ಳೆಯದು ಅಂತ ಜನ ತಿಳಿಯುತ್ತಾರೆ. ಹೊಗೆ ಬಾರದಿರುವುದು ಬೇರೆ, ಕೆಡದಿರುವುದು ಬೇರೆ. ಶುದ್ಧೀಕರಿಸಿದ ಎಣ್ಣೆ ಹೊಗೆ ಇಲ್ಲದೆಯೇ ಕೆಡಬಹುದು. ತೆಂಗಿನೆಣ್ಣೆಗೆ ಉರಿ ಸಣ್ಣದು ಮಾಡಿಕೊಳ್ಳಬೇಕು, ಅಷ್ಟೇ. ಹಿಟ್ಟಿನ ಒಂದು ಹನಿ ಬಿಟ್ಟಾಗ ಅದು ಕೂಡಲೇ ಮೇಲೆ ಬಂದರೆ ಬಿಸಿ ಸಾಕು. ಹೊಗೆ ಏಳುವವರೆಗೆ ಕಾಯಬಾರದು.

ಹಾಗೆಂದು ತೆಂಗಿನೆಣ್ಣೆಯನ್ನು ಎಷ್ಟು ತಿಂದರೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಾಣಲೆಯಲ್ಲಿ ತಾಳಿಕೊಳ್ಳುವುದು ಒಂದು ವಿಷಯ, ಹೃದಯಕ್ಕೆ ಎಷ್ಟು ಒಳ್ಳೆಯದು ಎನ್ನುವುದು ಇನ್ನೊಂದು. ಗಟ್ಟಿ ಕೊಂಡಿಯ ಕೊಬ್ಬು ಜಾಸ್ತಿಯಾಗಬಾರದು ಅಂತ ಡಾಕ್ಟರು ಹೇಳುವುದು ಸರಿಯೇ.

ಬೆಲೆ ಏರಿದಾಗ ಕೆಲವರು ಅರ್ಧ ಅರ್ಧ ಬೆರೆಸಿದರು. ಹಾಗೆ ಬೆರೆಸಿ ಕರಿದವರು ಒಂದು ವಿಷಯ ನೋಡಿರುತ್ತೀರಿ. ಬಾಣಲೆಯಲ್ಲಿ ನೊರೆ ಉಕ್ಕುತ್ತದೆ. ತೆಂಗಿನೆಣ್ಣೆಯ ಸರಪಣಿಗಳು ಗಿಡ್ಡ, ಸೂರ್ಯಕಾಂತಿಯದ್ದು ಉದ್ದ. ಎರಡೂ ಸೇರಿ ಬಿಸಿಯಾದಾಗ, ಅದರಲ್ಲೂ ಒಮ್ಮೆ ಕರಿದ ಎಣ್ಣೆಗಳು ಸೇರಿದಾಗ, ನೊರೆ ಜಾಸ್ತಿ. ಉಕ್ಕಿ ಒಲೆಗೆ ಬಿದ್ದರೆ ಬೆಂಕಿ ಹತ್ತುತ್ತದೆ. ಒಂದು ಡಬ್ಬಿಗೆ ಒಂದೇ ಜಾತಿಯ ಎಣ್ಣೆ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನೊರೆ ಬಂದಾಗ ಹುಣಸೆಹುಳಿಯ ತುಂಡು ಹಾಕುವವರಿದ್ದಾರೆ. ನೊರೆ ಇಳಿಯಬಹುದು. ಎಣ್ಣೆ ಹೊಸದಾಗುವುದಿಲ್ಲ. (ಮಾತು ಬಂತೆಂದು ಹೇಳಿಬಿಡುತ್ತೇನೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಗ್ಯಾಸ್ ಬಂದ್ ಮಾಡಿ, ದೊಡ್ಡ ಮುಚ್ಚಳ ಮುಚ್ಚಿ, ದೂರ ನಿಲ್ಲಿ.)

ಇನ್ನು ಕೆಲಸದ ವಿಷಯಕ್ಕೆ ಬರುವ. ಎಣ್ಣೆ ಉಳಿಸುವುದು ಕರಿದ ಮೇಲೆ ಅಲ್ಲ, ಕರಿಯುವ ಮೊದಲು. ದೊಡ್ಡ ಬಾಣಲೆಗೆ ಒಂದು ಲೀಟರ್ ಸುರಿದು ಹತ್ತು ಹಪ್ಪಳ ಕರಿದರೆ ಆ ಲೀಟರ್ ಪೂರ್ತಿ ಹಳೆಯದಾಯಿತು. ಸಣ್ಣ, ಗುಂಡಿಯಿರುವ ಬಾಣಲೆ ಇಟ್ಟುಕೊಳ್ಳಿ. ಕಾಲು ಲೀಟರ್ ಸಾಕಾಗುತ್ತದೆ. ಎಣ್ಣೆಯ ಮೇಲ್ಮೈ ಸಣ್ಣದಾದಷ್ಟೂ ಗಾಳಿ ತಾಗುವುದು ಕಡಿಮೆ. ಹೊತ್ತು ಸ್ವಲ್ಪ ಹಿಡಿಯುತ್ತದೆ, ಹೌದು. ಒಂದೊಂದೇ ಹಾಕಬೇಕಾಗುತ್ತದೆ. ಆದರೆ ಕೊನೆಗೆ ಉಳಿಯುವುದು ಅರ್ಧ ಲೋಟ. ಅದು ಎರಡು ದಿನದ ಒಗ್ಗರಣೆ, ಪಲ್ಯ, ಗಸಿಗೆ ಮುಗಿಯುತ್ತದೆ.

ಎರಡನೆಯದು, ಸರದಿ. ಇದನ್ನು ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ ಪಾಲಿಸಿದ್ದರು. ಮೊದಲು ಹಲಸಿನ ಹಪ್ಪಳ. ಅದು ಒಣಗಿದ್ದು, ನೀರಿಲ್ಲ, ಮೇಲೆ ಹಿಟ್ಟಿಲ್ಲ. ಎಣ್ಣೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಂಗಡಿಯ ಉದ್ದಿನ ಹಪ್ಪಳವಾದರೆ ಮೇಲಿನ ಹಿಟ್ಟನ್ನು ಕೊಡವಿ ಹಾಕಬೇಕು, ಇಲ್ಲವಾದರೆ ಅದು ತಳದಲ್ಲಿ ಕಪ್ಪಾಗುತ್ತದೆ. ಆಮೇಲೆ ಬಾಳೆಕಾಯಿ ಪೋಡಿ, ಗೋಳಿಬಜೆ. ಇವುಗಳಲ್ಲಿ ನೀರು ತುಂಬ. ಕರಿಯುವಾಗ ಬುಳುಬುಳು ಅಂತ ಬರುವುದೆಲ್ಲ ಆ ನೀರಿನ ಆವಿ. ಬಿಸಿಯಲ್ಲಿ ನೀರು ಎಣ್ಣೆಯನ್ನು ಒಡೆಯುತ್ತದೆ. ತೆಂಗಿನೆಣ್ಣೆ ಗಾಳಿಗೆ ಜಗ್ಗದಿದ್ದರೂ ಈ ನೀರಿಗೆ ಜಗ್ಗುತ್ತದೆ. ಹಳೆಯ ತೆಂಗಿನೆಣ್ಣೆಯಲ್ಲಿ ಮಾಡಿದ ತಿಂಡಿಗೆ ಒಂಥರಾ ಸೋಪಿನ ರುಚಿ ಬರುವುದುಂಟು. ನಾಲಿಗೆಗೆ ತಾಗಿದವರಿಗೆ ಗೊತ್ತು. ಅದು ಹೀಗೆ ಒಡೆದು ಬಿಡಿಯಾದ ಆಮ್ಲದ ರುಚಿ.

ಹಲಸಿನಕಾಯಿಯ ಸೋಂಟೆ ಮತ್ತು ನೇಂದ್ರಬಾಳೆಯ ಚಿಪ್ಸ್ ಇನ್ನೂ ಕಷ್ಟದವು. ಗರಿಗರಿ ಆಗುವ ಹೊತ್ತಿಗೆ ಉಪ್ಪುನೀರನ್ನು ನೇರ ಬಿಸಿ ಎಣ್ಣೆಗೇ ಚಿಮುಕಿಸುತ್ತೇವೆ. ಚಿಪ್ಸಿಗೆ ಉಪ್ಪು ಸಮವಾಗಿ ಹಿಡಿಯುವುದು ಹಾಗೆಯೇ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಎಣ್ಣೆಗೆ ನೀರೂ ಸೇರಿತು, ಉಪ್ಪೂ ಸೇರಿತು. ಅದನ್ನು ತಿಂಗಳುಗಟ್ಟಲೆ ಇಡಬಾರದು. ಕೊನೆಗೆ ಮೀನು. ಬೂತಾಯಿ ಕರಿದ ಎಣ್ಣೆಯನ್ನು ವಾಸನೆ ಬರುತ್ತದೆ ಅಂತ ಬೇರೆ ಇಡುತ್ತಾರೆ. ವಾಸನೆ ಮಾತ್ರ ಅಲ್ಲ, ಬೂತಾಯಿಯದೇ ಎಣ್ಣೆ ಅದರೊಳಗೆ ಇಳಿದಿರುತ್ತದೆ. ಮೀನಿನ ಎಣ್ಣೆಯಷ್ಟು ಬೇಗ ಗಾಳಿಗೆ ಕೆಡುವುದು ಬೇರೆ ಇಲ್ಲ. ಮೀನನ್ನು ಕಾವಲಿಯಲ್ಲಿ ಎರಡು ಚಮಚ ಎಣ್ಣೆಗೆ ಹುರಿಯಿರಿ. ಉಳಿಯುವ ಮಾತೇ ಇರುವುದಿಲ್ಲ.

ಕರಿದಾದ ಮೇಲೆ ಉರಿ ಆರಿಸಿ. ಕೈ ತಾಗಿಸಬಹುದಾದಷ್ಟು ಆರಿದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಜಾಲರಿ ಸಾಕಾಗುವುದಿಲ್ಲ, ಹಿಟ್ಟಿನ ನುಣುಪು ಮಸಿ ಅದರಲ್ಲಿ ಇಳಿದುಬಿಡುತ್ತದೆ. ಆ ಮಸಿ ಮುಂದಿನ ಸಲ ಮತ್ತೆ ಸುಟ್ಟು ಎಲ್ಲ ಎಣ್ಣೆಯನ್ನೂ ಕೆಡಿಸುತ್ತದೆ. ಸೋಸಿದ್ದನ್ನು ಸಣ್ಣ ಗಾಜಿನ ಜಾಡಿಗೆ ಹಾಕಿ, ಬಾಯಿ ಮುಚ್ಚಿ, ಕಪಾಟಿನ ಕತ್ತಲಲ್ಲಿ ಇಡಿ. ಒಲೆಯ ಬದಿಯ ಜಾಗ ಎಣ್ಣೆಗೆ ಒಳ್ಳೆಯದಲ್ಲ, ಅಲ್ಲಿ ದಿನಾ ಬಿಸಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಎಣ್ಣೆ ಇಡಲೇಬೇಡಿ. ಆ ಲೋಹ ಎಣ್ಣೆ ಕೆಡುವುದನ್ನು ಚುರುಕು ಮಾಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತೆಂಗಿನೆಣ್ಣೆ ಕಲ್ಲಾಗುತ್ತದೆ, ಚಮಚದಲ್ಲಿ ಕೆರೆದು ಹಾಕಿದರಾಯಿತು.

ಹೊಸ ಎಣ್ಣೆಯನ್ನು ಹಳೆಯದರ ಮೇಲೆ ಸುರಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಮೊಸರಿಗೆ ಹೆಪ್ಪು ಹಾಕುವುದನ್ನು ನೆನಪು ಮಾಡಿಕೊಳ್ಳಿ. ಒಂದು ಚಮಚ ಹುಳಿ ಇಡೀ ಹಾಲನ್ನು ಎಳೆಯುತ್ತದೆ. ಕೆಡಲು ಶುರುವಾದ ಎಣ್ಣೆಯೂ ಹಾಗೆ, ಹೊಸದನ್ನು ತನ್ನ ದಾರಿಗೆ ಎಳೆಯುತ್ತದೆ.

ಹಾಗಾದರೆ ಎಷ್ಟು ಸಲ ಕರಿಯಬಹುದು? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವುದು, ಆದಷ್ಟು ಒಂದೇ ಸಲ, ಜಾಸ್ತಿ ಎಂದರೆ ಮೂರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಇನ್ನೂ ಬಿಗಿ. ಒಮ್ಮೆ ಕರಿದದ್ದನ್ನು ಸೋಸಿ ಸಾರು ಪಲ್ಯಕ್ಕೆ ಬಳಸಿ, ಮತ್ತೆ ಕರಿಯಬೇಡಿ, ಒಂದೆರಡು ದಿನದಲ್ಲಿ ಮುಗಿಸಿ ಅನ್ನುತ್ತದೆ. ನನಗೆ ಎರಡನೆಯದೇ ಇಷ್ಟ. ಅದು ನನ್ನ ಅಜ್ಜಿ ಮಾಡುತ್ತಿದ್ದದ್ದೇ ಅಲ್ವಾ? ಹಪ್ಪಳ ಕರಿದ ಎಣ್ಣೆಯಲ್ಲಿ ಅದೇ ದಿನ ಪೋಡಿ ಮಾಡಿದರೆ ನಾನು ಏನೂ ಹೇಳುವುದಿಲ್ಲ. ಮುಂದಿನ ವಾರಕ್ಕೆ ಇಡಬೇಡಿ.

ಲೆಕ್ಕ ತಪ್ಪಿದರೆ ಎಣ್ಣೆಯೇ ಹೇಳುತ್ತದೆ. ಮೊದಲಿಗಿಂತ ಬೇಗ ಹೊಗೆ ಬಂತಾ? ತಿಂಡಿ ತೆಗೆದ ಮೇಲೂ ನೊರೆ ನಿಂತಿದೆಯಾ? ಬೆರಳ ನಡುವೆ ಅಂಟುತ್ತದಾ? ಕಮಟು ವಾಸನೆ ಇದೆಯಾ? ಇದರಲ್ಲಿ ಒಂದು ಕಂಡರೂ ಸಾಕು. ಬಣ್ಣ ಒಂದನ್ನೇ ನಂಬಬೇಡಿ. ಅರಿಶಿನ, ಮೆಣಸಿನಪುಡಿ ಬಿದ್ದರೆ ಒಳ್ಳೆಯ ಎಣ್ಣೆಯೂ ಕೆಂಪಾಗುತ್ತದೆ. ಹೊಗೆಯಲ್ಲಿ ಕಣ್ಣು ಉರಿಯುತ್ತದಲ್ಲ, ಅದು ಎಣ್ಣೆ ಒಡೆದು ಹುಟ್ಟುವ ಅಕ್ರೋಲಿನ್ ಎಂಬ ಅನಿಲ. ಕಣ್ಣಿಗೆ ಆಗದ್ದು ಶ್ವಾಸಕೋಶಕ್ಕೆ ಆಗುತ್ತದಾ?

ಈಗ ನನ್ನ ಮನೆಯಲ್ಲಿ ಆದ ಒಂದು ಸಂಗತಿ. ಕೆಲವು ವರ್ಷದ ಹಿಂದೆ, ಹಳೆಯ ಎಣ್ಣೆ ತಿನ್ನಬಾರದು ಅಂತ ನಿರ್ಧಾರ ಮಾಡಿದೆ. ಡಬ್ಬಿಯಲ್ಲಿದ್ದದ್ದನ್ನು ಸಿಂಕಿಗೆ ಸುರಿದು ಮೇಲಿಂದ ಬಿಸಿನೀರು ಬಿಟ್ಟೆ. ಆಮೇಲೂ ಹಾಗೇ ಮಾಡುತ್ತ ಬಂದೆ. ಆಟಿಯ ಜಡಿಮಳೆಯಲ್ಲಿ ಒಂದು ದಿನ ಇಂಗುಗುಂಡಿಯ ನೀರು ಅಂಗಳಕ್ಕೆ ಬಂತು. ಕೆಲಸದವರು ಬಂದು ಚಪ್ಪಡಿ ಎತ್ತಿ ತೋರಿಸಿದರು. ಪೈಪಿನ ಬಾಯಿಯಲ್ಲಿ ಬಿಳಿ ಮುದ್ದೆ, ಗುಂಡಿಯ ಗೋಡೆಯ ಮುರಕಲ್ಲಿನ ತೂತುಗಳಲ್ಲೆಲ್ಲ ಜಿಡ್ಡು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮಳೆಗಾಲದ ಮಣ್ಣಿನೊಳಗೆ ಅದಕ್ಕೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಆ ಗುಂಡಿಯನ್ನು ಮುಚ್ಚಿ ಬೇರೆ ತೋಡಬೇಕಾಯಿತು.

ಖರ್ಚಿಗಿಂತ ನನಗೆ ಹೆಚ್ಚು ಬೇಸರವಾದದ್ದು ಬೇರೆ ವಿಷಯಕ್ಕೆ. ನಮ್ಮದು ಮುರಕಲ್ಲಿನ ನೆಲ. ನೀರು ಬೇಗ ಇಳಿಯುತ್ತದೆ. ಬಾಯಾರು, ಪೈವಳಿಕೆ ಕಡೆ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಆ ಕಲ್ಲಿನಿಂದ ಒಸರುವ ನೀರನ್ನೇ ಕುಡಿದು, ತೋಟಕ್ಕೆ ಬಿಟ್ಟು ಬದುಕಿದವರು ನಾವು. ಉಳಿದವರಿಗೆ ಅಂಗಳದ ಬಾವಿ. ಆ ನೆಲದ ತೂತುಗಳನ್ನು ನಮ್ಮ ಕೈಯಿಂದಲೇ ಜಿಡ್ಡು ಹಾಕಿ ಮುಚ್ಚುವುದಾ?

ಹಾಗಾದರೆ ಉಳಿದ ಎಣ್ಣೆಯನ್ನು ಏನು ಮಾಡುವುದು? ನಮ್ಮ ಊರಿನ ಮನೆಗಳಿಗೆ ಇದು ಸುಲಭ. ಬಚ್ಚಲ ಒಲೆ ಇದೆಯಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಹಸಿ, ಮಡಲೂ ಹಸಿ, ಊದಿ ಊದಿ ಸಾಕಾಗುತ್ತದೆ. ತೆಂಗಿನ ಸಿಪ್ಪೆಯ ನಾರನ್ನು ಹಳೆಯ ಎಣ್ಣೆಯಲ್ಲಿ ಅದ್ದಿ ಇಟ್ಟುಕೊಳ್ಳಿ. ಮೊದಲು ಅದನ್ನು ಒಲೆಗಿಟ್ಟು ಆಮೇಲೆ ಕಡ್ಡಿ ಗೀರಿ. ಉರಿಯುತ್ತಿರುವ ಒಲೆಗೆ ಎಣ್ಣೆ ಸುರಿಯಬೇಡಿ. ಬಾಣಲೆ ತೊಳೆಯುವ ಮೊದಲೂ ಇದೇ ನಾರಿನಿಂದ ಒರೆಸಿ, ಆ ನಾರು ಒಲೆಗೆ. ಸೋಪೂ ಕಡಿಮೆ ಸಾಕು. ಉಪ್ಪು ತಾಗದ ತೆಂಗಿನೆಣ್ಣೆಯಾದರೆ ಕತ್ತಿ, ಹಾರೆಗೆ ಸವರಬಹುದು, ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ. ಸೂರ್ಯಕಾಂತಿ ಸವರಿದರೆ ಅಂಟಾಗುತ್ತದೆ. ದನಕ್ಕೆ ಹಾಕುವುದು ಬೇಡ. ನಮಗೆ ಬೇಡದ್ದು ಅದಕ್ಕೆ ಯಾಕೆ?

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಹಿಂದೆ ಕೂತಿದ್ದ ಒಬ್ಬರು ಅಜ್ಜಿ ಕೇಳಿದರು, "ಟೀಚರೇ, ಕರಿದ ಎಣ್ಣೆಯನ್ನು ದೇವರ ದೀಪಕ್ಕೆ ಹಾಕಬಹುದಾ? ಸೊಸೆ ಹಾಕ್ತಾಳೆ, ನನಗೆ ಮನಸ್ಸಿಗೆ ಬರುವುದಿಲ್ಲ."

"ನಿಮ್ಮ ಮನಸ್ಸು ಹೇಳಿದ ಹಾಗೆಯೇ ಮಾಡಿ ಅಜ್ಜೀ. ಕರಿದ ಎಣ್ಣೆಯ ದೀಪಕ್ಕೆ ಮಸಿಯೂ ಜಾಸ್ತಿ, ಬತ್ತಿ ಬೇಗ ಕಟ್ಟುತ್ತದೆ. ಕರೆಂಟು ಹೋದಾಗ ಜಗಲಿಯಲ್ಲಿ ಹಚ್ಚುವುದಕ್ಕೆ ಅಡ್ಡಿಯಿಲ್ಲ ಅಂತ ಸೊಸೆಗೆ ಹೇಳಿ" ಎಂದೆ.

ಕುಟುಂಬಶ್ರೀ ಎಂಬ ಮಹಿಳಾ ಸಂಘದವರ ಜೊತೆ ಸೇರಿ ಚಿಪ್ಸ್ ಮಾಡಿ ಮಾರುವ ಒಬ್ಬರು ಎದ್ದರು. "ನಮಗೆ ದಿನಕ್ಕೆ ಇಪ್ಪತ್ತು ಲೀಟರ್ ಬೇಕು ಟೀಚರ್. ಒಂದೇ ಸಲ ಕರಿದು ಬಿಡುವುದೆಂದರೆ ಅಂಗಡಿ ಮುಚ್ಚಬೇಕು."

ಅವರ ಕಷ್ಟ ನಿಜ. ವ್ಯಾಪಾರಕ್ಕೆ ಸಲದ ಲೆಕ್ಕ ಅಲ್ಲ, ಅಳತೆಯ ಲೆಕ್ಕ. ಕೆಟ್ಟ ಎಣ್ಣೆಯಲ್ಲಿ ಸೇರಿಕೊಳ್ಳುವ ವಸ್ತುಗಳನ್ನು ಒಟ್ಟಾಗಿ ಟಿಪಿಸಿ ಎನ್ನುತ್ತಾರೆ. 2018ರ ಜುಲೈಯಿಂದ ಅದು 25 ಶೇಕಡಾ ದಾಟಿದ ಎಣ್ಣೆಯಲ್ಲಿ ಕರಿಯುವುದು ಕಾನೂನಿಗೆ ವಿರುದ್ಧ. ರಕ್ತದೊತ್ತಡ, ರಕ್ತನಾಳ ದಪ್ಪವಾಗುವ ಕಾಯಿಲೆಗಳ ಭಯ ಇದಕ್ಕಿದೆ. ಎಣ್ಣೆಯಲ್ಲಿ ಅದ್ದಿ ನೋಡುವ ಮೀಟರ್ ಸಿಗುತ್ತದೆ. ಒಬ್ಬರಿಗೆ ದುಬಾರಿ, ನಾಲ್ಕು ಘಟಕದವರು ಸೇರಿದರೆ ಆಗಬಹುದು. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಬಳಸುವವರು ಲೆಕ್ಕದ ಪುಸ್ತಕವನ್ನೇ ಇಡಬೇಕು ಎಂದು 2019ರಿಂದ ನಿಯಮ ಇದೆ. ಬಳಸಿ ಬಿಟ್ಟ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರು ಇದ್ದಾರೆ. ಅದಕ್ಕಾಗಿ ರೂಕೋ ಎಂಬ ಯೋಜನೆ 2018ರ ಆಗಸ್ಟಿನಲ್ಲಿ ಶುರುವಾಯಿತು. ಪ್ರಾಧಿಕಾರದಲ್ಲಿ ನೋಂದಾಯಿಸಿದ ಸಂಗ್ರಹಗಾರರಿಗೇ ಕೊಡಿ. ಯಾರೋ ಕ್ಯಾನ್ ಹಿಡಿದುಕೊಂಡು ಬಂದು ಕಡಿಮೆ ಬೆಲೆಗೆ ಕೊಂಡುಹೋದರೆ ಅದು ಇನ್ನೊಂದು ತಳ್ಳುಗಾಡಿಯ ಬಾಣಲೆಗೆ ಹೋಗಬಹುದು.

ಒಬ್ಬ ಹುಡುಗ ಸೋಪು ಮಾಡುವ ಬಗ್ಗೆ ಕೇಳಿದ. ಮಾಡಬಹುದು, ತೆಂಗಿನೆಣ್ಣೆಯ ಸೋಪಿಗೆ ನೊರೆಯೂ ಚೆನ್ನಾಗಿ ಬರುತ್ತದೆ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 170 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸೂರ್ಯಕಾಂತಿಗೆ ಅಷ್ಟು ಹಾಕಿದರೆ ಸೋಪು ಕೈ ಸುಡುತ್ತದೆ. ಅಂದಾಜಿನಲ್ಲಿ ಅಲ್ಲ, ತಕ್ಕಡಿಯಲ್ಲೇ ತೂಗಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಅಲ್ಯುಮಿನಿಯಂ ಪಾತ್ರೆ ಕೂಡದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಬಾಗಿಲು ಕಿಟಕಿ ತೆರೆದಿರಬೇಕು. ಅಚ್ಚಿನಿಂದ ತೆಗೆದು ನಾಲ್ಕಾರು ವಾರ ಒಣಗಿಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನನ್ನ ಮಾತು ಕೇಳಿ, ಬಚ್ಚಲ ಒಲೆಯೇ ಸಾಕು. ನೀನು ಮಾಡುವುದಾದರೆ ಮೊದಲ ಸಲ ನನ್ನನ್ನು ಕರೆ ಎಂದೆ ಅವನಿಗೆ.

ಹೊರಡುವಾಗ ಪಕ್ಕದ ಮನೆಯವರು ಕೇಳಿದರು, "ಅಕ್ಕಾ, ಈಗ ನಿಮ್ಮ ಡಬ್ಬಿ ಏನಾಯಿತು?"

ಅದು ಈಗ ಕೊಟ್ಟಿಗೆಯಲ್ಲಿದೆ, ಅದರಲ್ಲಿ ಕತ್ತಿಯ ಎಣ್ಣೆ. ಅಡುಗೆಮನೆಯಲ್ಲಿ ಒಂದು ಸಣ್ಣ ಉಪ್ಪಿನಕಾಯಿ ಜಾಡಿ ಇಟ್ಟಿದ್ದೇನೆ. ಮೇಲೆ ಕಾಗದ ಅಂಟಿಸಿ ಕರಿದ ದಿನದ ತಾರೀಕು ಬರೆಯುತ್ತೇನೆ. ಶನಿವಾರ ಮೊಮ್ಮಕ್ಕಳು ಬಂದಾಗ ಹಪ್ಪಳ ಕರಿದಿದ್ದೆ. ಇವತ್ತು ಬೆಳಿಗ್ಗೆ ಬಸಳೆಯ ಗಸಿಗೆ ಒಗ್ಗರಣೆ ಹಾಕಿ, ಜಾಡಿ ತೊಳೆದು ಬಿಸಿಲಿಗಿಟ್ಟು ಬಂದಿದ್ದೇನೆ.